ನಲವತ್ತು ಸಾವಿರದ ಬ್ಲೆಂಡರ್ ನಮ್ಮ ಅಡುಗೆಮನೆಗೆ ಬೇಕೇ?

ಮೊದಲೇ ಹೇಳಿಬಿಡುತ್ತೇನೆ: ಬೇಡ ಎಂಬುದೇ ನನ್ನ ಅಭಿಪ್ರಾಯ. ಆದರೆ "ಅಡುಗೆಮನೆ ಸಾಮಾನಿಗೆ ಅಷ್ಟೊಂದು ದುಡ್ಡಾ?" ಎಂದು ನಮ್ಮ ಮನೆಯ ಗಂಡಸರು ಕೇಳುತ್ತಾರಲ್ಲ, ಆ ಕಾರಣಕ್ಕೆ ಬೇಡ ಎನ್ನುತ್ತಿಲ್ಲ. ಆ ಕಾರಣವನ್ನು ನಾನು ಒಪ್ಪುವುದೇ ಇಲ್ಲ. ಹೋದ ವರ್ಷ ಭಾಯಿಜಾನ್‌ಗೆ ಬೈಕ್ ಕೊಂಡಾಗ ಒಂದು ಲಕ್ಷದ ಮೇಲೆ ಖರ್ಚಾಯಿತು. ಕಿಲೋಮೀಟರಿಗೆ ಎಷ್ಟು ಬೀಳುತ್ತದೆ, ಎಷ್ಟು ವರ್ಷ ಬಾಳುತ್ತದೆ, ಮಾರಿದರೆ ಎಷ್ಟು ಬರುತ್ತದೆ ಎಂದು ಯಾರೂ ಕಾಗದ ಪೆನ್ನು ಹಿಡಿದು ಕೂರಲಿಲ್ಲ. ಯಾವ ಬಣ್ಣ ಎಂಬುದಷ್ಟೇ ಚರ್ಚೆಯಾಯಿತು. ಅಮ್ಮಿಯ ಮಿಕ್ಸಿಯ ಮಾತು ಬಂದಾಗ ಮಾತ್ರ ಎಲ್ಲರೂ ಆಡಿಟರ್‌ಗಳಾದರು. ಸರಿ, ಲೆಕ್ಕ ಬೇಕು ತಾನೇ? ಮನೆಯಲ್ಲಿ ಕಾಮರ್ಸ್ ಓದುವವಳು ನಾನೊಬ್ಬಳೇ. ಮಾಡಿದ್ದೇನೆ.

ಲೆಕ್ಕ ತೋರಿಸುವ ಮೊದಲು ಒಂದು ವಿಷಯ ತಿಳಿಸಬೇಕು. ತನ್ನ ಹಿತಾಸಕ್ತಿ ಇರುವ ಕಂಪನಿಯ ಲೆಕ್ಕವನ್ನು ಆಡಿಟರ್ ಪರಿಶೀಲಿಸಬಾರದು ಎಂದು ನಮಗೆ ಕಲಿಸುತ್ತಾರೆ. ಇಲ್ಲಿ ನನ್ನ ಹಿತಾಸಕ್ತಿ ಇದೆ. ನಮ್ಮ ಬೀದಿಯ 20 ಜನ ಹೆಂಗಸರು ಸೇರಿ ತಿಂಗಳಿಗೆ ತಲಾ 2,000 ರೂ. ಹಾಕುವ ಕಮಿಟಿ ನಡೆಸುತ್ತಾರೆ. ಹರಾಜಿಲ್ಲ, ಬಡ್ಡಿಯಿಲ್ಲ, ಚೀಟಿ ಎತ್ತಿ ಯಾರ ಹೆಸರು ಬರುತ್ತದೋ ಅವರಿಗೆ ಆ ತಿಂಗಳ 40,000 ರೂ. ಈ ಸಲ ಅಮ್ಮಿಯ ಹೆಸರು ಬಂದಿದೆ. ದ್ವಿತೀಯ ಪಿಯುಸಿ ಮುಗಿದ ಮೇಲೆ ನಾನು ಸಿಎ ಫೌಂಡೇಶನ್ ಬರೆಯಬೇಕೆಂದಿದ್ದೇನೆ. ಅದರ ಕೋಚಿಂಗ್ ಫೀಸು ಬರಬೇಕಾದ್ದೂ ಇದೇ ಹಣದಿಂದ. ಆದ್ದರಿಂದ ಬ್ಲೆಂಡರ್ ಬೇಡ ಎನ್ನುವವಳ ಮಾತನ್ನು ನೀವು ಸ್ವಲ್ಪ ಅನುಮಾನದಿಂದಲೇ ಓದಬೇಕು. ಅಂಕಿಗಳನ್ನೆಲ್ಲ ಕೊಡುತ್ತೇನೆ, ನೀವೇ ಕೂಡಿ ಕಳೆದು ನೋಡಿ.

ಅಮ್ಮಿ ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಮಾಡಿ ಮಾರುತ್ತಾರೆ. ಎರಡು ಚಿಕ್ಕ ಹೋಟೆಲ್, ಹತ್ತಾರು ಮನೆ. ವಾರಕ್ಕೆ 6 ಕೆ.ಜಿ. ವರ್ಷದಲ್ಲಿ 50 ವಾರ ಎಂದು ಹಿಡಿದರೆ 300 ಕೆ.ಜಿ., ರಂಜಾನ್‌ನಲ್ಲಿ ಹೆಚ್ಚಿಗೆ ಹೋಗುವುದು ಸುಮಾರು 60 ಕೆ.ಜಿ., ಒಟ್ಟು 360. ಶುಂಠಿ, ಬೆಳ್ಳುಳ್ಳಿ, ಎಣ್ಣೆ, ಉಪ್ಪು, ಡಬ್ಬಿ ಎಲ್ಲ ಕಳೆದು ಕೆ.ಜಿ.ಗೆ 60 ರೂ. ಉಳಿಯುತ್ತದೆ. ಅಂದರೆ ವರ್ಷಕ್ಕೆ 21,600 ರೂ., ತಿಂಗಳಿಗೆ 1,800. ಇದನ್ನೆಲ್ಲ ಅವರು ಮಾಡುವುದು ಮನೆಗೆಂದು ತಂದ 500 ವ್ಯಾಟ್‌ನ ಮಿಕ್ಸಿಯಲ್ಲಿ. ಬೆಲೆ 3,200 ರೂ. ಎರಡೇ ವರ್ಷಕ್ಕೆ ಮೋಟಾರಿನ ವೈಂಡಿಂಗ್ ಸುಟ್ಟುಹೋಯಿತು. ಅಷ್ಟರೊಳಗೆ ರಿಪೇರಿಗೆ ಹೋದದ್ದು 1,450 ರೂ. ದುಬೈನಲ್ಲಿರುವ ಮಾಮು ಫೋನಿನಲ್ಲಿ, "ಬಾಜಿ, ಇನ್ನು ಈ ಡಬ್ಬಾ ಮಿಕ್ಸಿಗಳ ಸಹವಾಸ ಬಿಡಿ, ಒಂದೇ ಸಲ ಒಳ್ಳೆಯ ಬ್ಲೆಂಡರ್ ತಗೊಳ್ಳಿ, ಹತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ" ಎಂದರು. ಅಲ್ಲಿಂದ ಶುರು.

ಮಂಡಿಪೇಟೆಯ ಕಡೆ ಒಂದು ದೊಡ್ಡ ಅಂಗಡಿಯಲ್ಲಿ ಅಂಥ ಬ್ಲೆಂಡರ್ ನೋಡಿ ಬಂದೆವು. ಚೀಟಿಯ ಮೇಲಿನ ಬೆಲೆ 42,000 ರೂ. ನೋಡಲು ಗಂಭೀರವಾಗಿತ್ತು, ಅಮ್ಮಿ ಅದನ್ನು ಮುಟ್ಟಲೂ ಹಿಂಜರಿದರು. ಮಾರಾಟದ ಹುಡುಗ ತುಂಬ ಚುರುಕು. "ಮೇಡಂ, ಹತ್ತು ವರ್ಷಕ್ಕೆ ಭಾಗಿಸಿ ನೋಡಿ, ದಿನಕ್ಕೆ ಹನ್ನೊಂದು ರೂಪಾಯಿ, ಒಂದು ಟೀ ದುಡ್ಡು" ಎಂದ. ಈ ವಾಕ್ಯ ನೀವೂ ಎಲ್ಲಾದರೂ ಕೇಳಿರುತ್ತೀರಿ. ಫೋನ್, ವಾಟರ್ ಫಿಲ್ಟರ್, ವಿಮೆ, ಎಲ್ಲವನ್ನೂ ಈಗ ಟೀ ಲೆಕ್ಕದಲ್ಲೇ ಮಾರುತ್ತಾರೆ. ಭಾಗಾಕಾರ ತಪ್ಪಲ್ಲ. ಭಾಜಕದಲ್ಲಿ ತಕರಾರಿದೆ. 3,650 ದಿನ ಎಂದು ಭಾಗಿಸಬೇಕಾದರೆ 3,650 ದಿನವೂ ಅದನ್ನು ಓಡಿಸಬೇಕು. ವಾರಕ್ಕೆ ಎರಡು ಸಲ ಓಡಿಸಿದರೆ ಹತ್ತು ವರ್ಷದಲ್ಲಿ 1,040 ಸಲ. ಆಗ ಒಂದು ಸಲಕ್ಕೆ ಬೀಳುವುದು 40 ರೂ. ತಂದ ಉತ್ಸಾಹದಲ್ಲಿ ಎರಡು ತಿಂಗಳು ಜ್ಯೂಸ್ ಕುಡಿದು ಆಮೇಲೆ ಅಲಮಾರಿಯ ಮೇಲೆ ಏರಿಸಿಟ್ಟ ಜ್ಯೂಸರ್‌ಗಳು ಎಷ್ಟು ಮನೆಯಲ್ಲಿಲ್ಲ! ಅವುಗಳ ಒಂದು ಲೋಟದ ಬೆಲೆ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ.

ಇನ್ನೊಂದು ಆಮಿಷ "ನೋ ಕಾಸ್ಟ್ ಇಎಂಐ". ತಿಂಗಳಿಗೆ 3,500 ರೂ., ಹನ್ನೆರಡು ಕಂತು, ಒಟ್ಟು 42,000. ಬಡ್ಡಿ ಸೊನ್ನೆ. ನಾನು ಒಂದೇ ಪ್ರಶ್ನೆ ಕೇಳಿದೆ: "ಕ್ಯಾಶ್ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?" ಒಳಗೆ ಹೋಗಿ ಕೇಳಿ ಬಂದು 39,500 ಎಂದ. ಹಾಗಾದರೆ ಆ 2,500 ರೂ. ಏನು? ಹೆಸರು ಏನೇ ಇಟ್ಟರೂ ಅದು ಕಾಯುವುದಕ್ಕೆ ಕೊಡುವ ಬೆಲೆ. ದಾದಿಗೆ ಇದನ್ನು ವಿವರಿಸಿದಾಗ ಅವರು ಕಾಮರ್ಸ್ ಓದದೆಯೇ, "ಬುರ್ಖಾ ಹಾಕಿಕೊಂಡು ಬಂದ ಸೂದ್" ಎಂದುಬಿಟ್ಟರು. ನಮ್ಮ ಮನೆಯಲ್ಲಿ ಸೂದ್ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಆದರೆ ಬಡ್ಡಿ ಕೊಡಲು ಅಭ್ಯಂತರವಿಲ್ಲದವರೂ ಇದರ ದರವನ್ನು ತಿಳಿದಿರಬೇಕು. 39,500ಕ್ಕೆ 2,500 ಎಂದರೆ ಆರು ಚಿಲ್ಲರೆ ಶೇಕಡಾ ಎಂದು ಕಾಣುತ್ತದೆ. ಹಾಗಲ್ಲ. ಪ್ರತಿ ತಿಂಗಳು ಕಂತು ಕಟ್ಟಿದಂತೆ ಸಾಲ ಇಳಿಯುತ್ತಾ ಹೋಗುತ್ತದೆ. ವರ್ಷದ ಸರಾಸರಿ ತೆಗೆದರೆ ನಿಮ್ಮ ಮೇಲಿರುವ ಬಾಕಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು 21,400 ರೂ. ಅಷ್ಟಕ್ಕೆ 2,500 ಎಂದರೆ ವರ್ಷಕ್ಕೆ ಹತ್ತಿರಹತ್ತಿರ ಶೇ. 12. ಪ್ರೊಸೆಸಿಂಗ್ ಫೀಸ್ ಇದ್ದರೆ ಅದು ಬೇರೆ. ಸೊನ್ನೆ ಬಡ್ಡಿ ಎಂಬುದು ನಿಜದಲ್ಲಿ ಇಲ್ಲ, ಬಡ್ಡಿಯನ್ನು ಬೇರೆ ಶುಲ್ಕದ ಹೆಸರಿನಲ್ಲಿ ಮುಚ್ಚಿಡಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಜಾಹೀರಾತು ಮಾತ್ರ ಇನ್ನೂ ನಿಂತಿಲ್ಲ.

ಹಾಗಾಗಿ ಮುಂದಿನ ಲೆಕ್ಕಕ್ಕೆಲ್ಲ 39,500 ರೂ. ಎಂದೇ ಹಿಡಿಯುತ್ತೇನೆ.

ಬೆಲೆಯ ಮಾತಿಗಿಂತ ಮುಂಚೆ ಕೆಲಸದ ಮಾತು. ಈ ಯಂತ್ರ ಏನು ಮಾಡಲು ಹುಟ್ಟಿದ್ದು? ಕನ್ನಡದಲ್ಲಿ ಅರೆಯುವುದು ಬೇರೆ, ರುಬ್ಬುವುದು ಬೇರೆ, ಬೀಸುವುದು ಬೇರೆ, ಕುಟ್ಟುವುದು ಬೇರೆ, ಕಡೆಯುವುದು ಬೇರೆ. ನಮ್ಮ ಮನೆಯ ದಖ್ಖನಿಯಲ್ಲೂ ಪೀಸ್ನಾ, ಕೂಟ್ನಾ ಒಂದೇ ಅಲ್ಲ. ಮೆಣಸು ಕುಟ್ಟಿದರೆ ಒಂದು ರುಚಿ, ಅರೆದರೆ ಇನ್ನೊಂದು. ದೊಡ್ಡ ಬ್ಲೆಂಡರ್ ಮುಖ್ಯವಾಗಿ ಮಾಡುವುದು ಕಡೆಯುವ ಕೆಲಸ. ಈ ಬಗೆಯ ಬ್ಲೆಂಡರ್‌ಗೆ ಜಗತ್ತಿನಲ್ಲೆಲ್ಲ ಹೆಸರಾದ ವೈಟಾಮಿಕ್ಸ್ ಅಮೆರಿಕದ ಓಹಾಯೋ ರಾಜ್ಯದ ಕಂಪನಿ, 1921ರಲ್ಲಿ ಶುರುವಾದದ್ದು. ಅಲ್ಲಿಯ ಅಡುಗೆಮನೆಗೆ ಬೇಕಾದದ್ದು ಸ್ಮೂದಿ, ಸೂಪ್, ಹಣ್ಣಿನ ರಸ. ಅದರ ಬ್ಲೇಡು ನಮ್ಮ ಮಿಕ್ಸಿಯದರಷ್ಟು ಹರಿತವಿರುವುದಿಲ್ಲ, ಮೊಂಡು ಎಂದೇ ಹೇಳಬೇಕು. ಕೆಲಸ ಮಾಡುವುದು ವೇಗ. ಜಾರಿನಲ್ಲಿ ದ್ರವ ಸಾಕಷ್ಟು ಇದ್ದರೆ ನಡುವೆ ಸುಳಿ ಎದ್ದು, ಮೇಲಿದ್ದದ್ದೆಲ್ಲ ಬ್ಲೇಡಿನ ಕಡೆಗೆ ಇಳಿದು ನುಣ್ಣಗಾಗುತ್ತದೆ. ನೀರಿಲ್ಲದಿದ್ದರೆ ಸುಳಿ ಏಳುವುದಿಲ್ಲ. ಅದಕ್ಕೇ ಅದರ ಜೊತೆ ಒಂದು ಕೋಲು ಕೊಡುತ್ತಾರೆ, ಗಟ್ಟಿ ಪದಾರ್ಥವನ್ನು ಮೇಲಿಂದ ಒತ್ತಲು.

ಎರಡು ಲೀಟರಿನ ಅಗಲ ಜಾರಿಗೆ ಒಂದು ಹಿಡಿ ಕಾಯಿತುರಿ, ನಾಲ್ಕು ಹಸಿಮೆಣಸಿನಕಾಯಿ, ಸ್ವಲ್ಪ ಕೊತ್ತಂಬರಿ ಹಾಕಿದರೆ ಏನಾಗುತ್ತದೆ ಎಂದು ಊಹಿಸಿ. ಎಲ್ಲ ಸಿಡಿದು ಗೋಡೆಗೆ ಅಂಟಿಕೊಳ್ಳುತ್ತದೆ. ಶಾಮಿ ಕಬಾಬಿಗೆ ಬೇಯಿಸಿದ ಕಡ್ಲೆಬೇಳೆ, ಮಾಂಸವನ್ನು ನೀರು ಸೋಕಿಸದೆ ಅರೆಯಬೇಕು. ನೀರು ಹಾಕಿದರೆ ಕಬಾಬು ಎಣ್ಣೆಯಲ್ಲಿ ಒಡೆದುಹೋಗುತ್ತದೆ. ಅಮ್ಮಿಯ ಪೇಸ್ಟ್ ಕೂಡ ಹಾಗೆಯೇ. ಹೋಟೆಲಿನವರು ನೀರಾದ ಪೇಸ್ಟ್ ವಾಪಸ್ ಕಳಿಸುತ್ತಾರೆ, ನೀರು ಸೇರಿದ್ದು ಬೇಗ ಕೆಡುತ್ತದೆ ಕೂಡ. ಇನ್ನು ಬಿಸಿ. ಅಂಥ ಬ್ಲೆಂಡರ್ ಕೆಲವು ನಿಮಿಷ ಓಡಿದರೆ ಘರ್ಷಣೆಯಿಂದಲೇ ಸೂಪ್ ಬಿಸಿಯಾಗುತ್ತದೆ, ಅದನ್ನೊಂದು ವಿಶೇಷ ಎಂದೇ ಜಾಹೀರಾತಿನಲ್ಲಿ ತೋರಿಸುತ್ತಾರೆ. ಸೂಪಿಗೆ ವಿಶೇಷ. ಮಸಾಲೆಗೆ ಅದೇ ದೋಷ, ಘಮ ಹಾರಿಹೋಗುತ್ತದೆ. ನಿಧಾನಕ್ಕೆ ತಿರುಗುವ ಕಲ್ಲಿನಲ್ಲಿ ರುಬ್ಬಿದ್ದು ರುಚಿ ಎಂದು ದಾದಿ ಹೇಳುವುದಕ್ಕೆ ಕಾರಣವೂ ಇದೇ ಇರಬೇಕು.

ಈ ಮಾತು ಹೊಸದೇನಲ್ಲ. ಭಾರತದ ಮಿಕ್ಸಿ ಹುಟ್ಟಿದ್ದೇ ಇಂಥದ್ದೊಂದು ತೊಂದರೆಯಿಂದ. ಎಸ್.ಪಿ. ಮಾಥುರ್ ಎಂಬ ಎಂಜಿನಿಯರ್ ಸೀಮೆನ್ಸ್‌ನಲ್ಲಿ ಕೆಲಸದಲ್ಲಿದ್ದರು. ಅವರ ಪತ್ನಿ ಬಳಸುತ್ತಿದ್ದ ಜರ್ಮನಿಯ ಬ್ಲೆಂಡರ್ ನಮ್ಮ ಅಡುಗೆಯ ಅರೆಯುವಿಕೆಗೆ ತಾಳದೆ ಸುಟ್ಟುಹೋಯಿತು, ಇಲ್ಲಿ ರಿಪೇರಿ ಮಾಡುವವರೂ ಇರಲಿಲ್ಲ. ಹಾಗಾದರೆ ನೀವೇ ಒಂದು ಮಾಡಿಕೊಡಿ ಎಂದರಂತೆ ಆಕೆ. 1963ರಲ್ಲಿ ಬಂದ ಸುಮೀತ್ ಮಿಕ್ಸಿ ಅದರ ಫಲ. ಹೆಚ್ಚು ಶಕ್ತಿಯ ಮೋಟಾರು, ಸ್ಟೀಲಿನ ಜಾರು, ಒಣ ಪುಡಿಗೂ ಒದ್ದೆ ಮಸಾಲೆಗೂ ಬೇರೆ ಬೇರೆ ಬ್ಲೇಡು. ಅಂದರೆ ನಮ್ಮ ಮಿಕ್ಸಿ ಬಡವರ ಬ್ಲೆಂಡರ್ ಅಲ್ಲ. ಅದು ಬೇರೆಯೇ ಯಂತ್ರ. ಇದು ಮಾಮುವಿಗೆ ಇನ್ನೂ ಒಪ್ಪಿಗೆಯಾಗಿಲ್ಲ.

ಮಾಮು ಅಲ್ಲಿಂದಲೇ ಕಳಿಸುತ್ತೇನೆ ಎಂದೂ ಹೇಳಿದ್ದಾರೆ. ದುಬೈನ ವಿದ್ಯುತ್ ನಮ್ಮಂತೆಯೇ 230 ವೋಲ್ಟ್, ಯಂತ್ರ ಓಡುತ್ತದೆ, ಪ್ಲಗ್ ಬದಲಿಸಿದರೆ ಸಾಕು. ಆದರೆ ಅಲ್ಲಿಯ ವಾರಂಟಿ ಇಲ್ಲಿಗೆ ವಿಮಾನ ಹತ್ತಿ ಬರುವುದಿಲ್ಲ. ಅಮೆರಿಕದಿಂದ ಯಾರಾದರೂ ತರುತ್ತೇನೆಂದರೆ ಇನ್ನೂ ಕಷ್ಟ: ಅಲ್ಲಿಯ ಮನೆಗಳಲ್ಲಿ 120 ವೋಲ್ಟ್; ಇಲ್ಲಿ ನೇರ ಹಾಕಿದರೆ ಸುಟ್ಟೇಹೋಗುತ್ತದೆ. ಜೊತೆಗೆ ಹಾರ್ಸ್‌ಪವರ್ ಎಂಬ ಮಾತು. ಡಬ್ಬಿಯ ಮೇಲೆ "2 ಹಾರ್ಸ್‌ಪವರ್" ಎಂದಿದ್ದರೆ ಅದು ಸುಮಾರು 1,500 ವ್ಯಾಟ್ (ಒಂದು ಹಾರ್ಸ್‌ಪವರ್ ಎಂದರೆ 746 ವ್ಯಾಟ್). ಅಷ್ಟು ಎಳೆಯುವ ಯಂತ್ರವನ್ನು ನಮ್ಮ ಅಡುಗೆಮನೆಯ ಚಿಕ್ಕ 6 ಆಂಪಿಯರ್ ಸಾಕೆಟ್‌ಗೆ ಹಾಕಬಾರದು, ಗೀಸರ್‌ಗೆ ಹಾಕಿಸುವಂಥ 16 ಆಂಪಿಯರ್‌ನದ್ದು ಬೇಕು. ಬಾಡಿಗೆ ಮನೆಯಲ್ಲಿ ಹೊಸ ವೈರಿಂಗ್ ಮಾಡಿಸುವ ಖರ್ಚನ್ನು ಯಾವ ಮಾರಾಟಗಾರನೂ ಟೀ ಲೆಕ್ಕದಲ್ಲಿ ಸೇರಿಸುವುದಿಲ್ಲ. ಕರೆಂಟ್ ಬಿಲ್ಲಿನ ಚಿಂತೆ ಮಾತ್ರ ಬೇಡ. 1,000 ವ್ಯಾಟಿನ ಯಂತ್ರ ಒಂದು ಗಂಟೆ ಪೂರ್ತಿ ಓಡಿದರೆ ಒಂದು ಯೂನಿಟ್. ಅಬ್ಬಾ ಅದನ್ನೇ ದೊಡ್ಡ ವಿಷಯ ಮಾಡಿದ್ದರು, ಅಷ್ಟೇನಿಲ್ಲ.

ಈಗ ಸವಕಳಿ. ಪ್ರಥಮ ಪಿಯುಸಿಯಲ್ಲಿ ಯಂತ್ರೋಪಕರಣಗಳ ಮೇಲೆ ಎಷ್ಟು ಸಲ ಹಾಕಿದ್ದೇವೆ! ಮಿಕ್ಸಿಯ ಮೇಲೆ ಒಮ್ಮೆಯೂ ಹಾಕಿಲ್ಲ. ನೇರರೇಖಾ ಪದ್ಧತಿಯಲ್ಲೇ, ಗುಜರಿ ಬೆಲೆ ಸೊನ್ನೆ ಎಂದು ಹಿಡಿದು ನೋಡೋಣ. ಹಳೆಯ ನಮೂನೆಯ 500 ವ್ಯಾಟ್ ಮಿಕ್ಸಿ 3,200 ರೂ., ಅಮ್ಮಿಯ ಕೆಲಸಕ್ಕೆ ಬಾಳಿದ್ದು ಎರಡು ವರ್ಷ, ವರ್ಷಕ್ಕೆ 1,600. ಹೋಟೆಲುಗಳಿಗೆಂದೇ ಮಾಡಿದ 1,000 ವ್ಯಾಟಿನ ಹೆವಿ ಡ್ಯೂಟಿ ಮಿಕ್ಸಿಗೆ ನಮಗೆ ಹೇಳಿದ ಬೆಲೆ 7,500. ಐದು ವರ್ಷ ಬಂದರೆ ವರ್ಷಕ್ಕೆ 1,500. ಬ್ಲೆಂಡರ್ 39,500, ಹತ್ತು ವರ್ಷ, ವರ್ಷಕ್ಕೆ 3,950.

ಗಮನಿಸಿ, ಇವುಗಳಲ್ಲಿ ಅಗ್ಗದ್ದು ಅಗ್ಗದ ಮಿಕ್ಸಿಯಲ್ಲ. ಎರಡು ವರ್ಷಕ್ಕೊಮ್ಮೆ 3,200 ಕೊಡುವ ಮನೆ, ಐದು ವರ್ಷಕ್ಕೊಮ್ಮೆ 7,500 ಕೊಡುವ ಮನೆಗಿಂತ ಹೆಚ್ಚು ಖರ್ಚು ಮಾಡುತ್ತಿದೆ, ರಿಪೇರಿ ಸೇರಿಸದೆಯೇ. "ಸದ್ಯಕ್ಕೆ ಚಿಕ್ಕದು ತಂದುಬಿಡು" ಎನ್ನುವ ಅಬ್ಬಾ ಉಳಿತಾಯ ಮಾಡುತ್ತಿಲ್ಲ ಎಂದು ಈ ಪತ್ರಿಕೆಯ ಮೂಲಕ ವಿನಯದಿಂದ ತಿಳಿಸುತ್ತೇನೆ. ಇನ್ನು ಬ್ಲೆಂಡರಿಗೂ ಹೆವಿ ಡ್ಯೂಟಿ ಮಿಕ್ಸಿಗೂ ವರ್ಷಕ್ಕೆ 2,450 ರೂ. ವ್ಯತ್ಯಾಸ. ಕೆ.ಜಿ.ಗೆ 60 ರೂ. ಉಳಿಯುವ ಪೇಸ್ಟಿನಲ್ಲಿ ಅದು 41 ಕೆ.ಜಿ. ಅಂದರೆ ಪ್ರತಿ ವರ್ಷ ಸುಮಾರು ಏಳು ವಾರ ಅಮ್ಮಿ ಬರೀ ಆ ವ್ಯತ್ಯಾಸಕ್ಕಾಗಿ ಪುಕ್ಕಟೆ ದುಡಿಯಬೇಕು. ಇನ್ನೊಂದು ರೀತಿ ನೋಡಿದರೆ 7,500 ಎಂಬುದು ಅವರ ನಾಲ್ಕು ತಿಂಗಳ ಉಳಿಕೆ, 39,500 ಎಂಬುದು 22 ತಿಂಗಳದ್ದು.

ಹಾಗೆಂದು ಅಷ್ಟು ಬೆಲೆಯ ಬ್ಲೆಂಡರ್ ಯಾರಿಗೂ ಬೇಡ ಎಂದು ನಾನು ಹೇಳಲಾರೆ. ದಿನಕ್ಕೆ 80 ಲೋಟ ಮಾರುವ ಜ್ಯೂಸ್ ಅಂಗಡಿಯನ್ನು ತೆಗೆದುಕೊಳ್ಳಿ. ವರ್ಷಕ್ಕೆ 300 ದಿನ, ಮೂರೇ ವರ್ಷ ಬಾಳಿದರೂ 72,000 ಲೋಟ. ಲೋಟಕ್ಕೆ 55 ಪೈಸೆ. ಖರ್ಜೂರ, ಬಾದಾಮಿ, ಮಂಜುಗಡ್ಡೆ ಎಲ್ಲ ಸೇರಿಸಿ ಅರ್ಧ ನಿಮಿಷದಲ್ಲಿ ನುಣ್ಣಗೆ ಕೊಡುವ ಯಂತ್ರಕ್ಕೆ ಅದು ಏನೇನೂ ಅಲ್ಲ. ಅಲ್ಲಿ ಕೊಳ್ಳದಿರುವುದೇ ನಷ್ಟ. ಆದರೆ ಅವರೂ ವಾರಂಟಿ ಕಾರ್ಡಿನ ಸಣ್ಣಕ್ಷರ ಓದಬೇಕು. ಮನೆಬಳಕೆಗೆಂದು ಮಾರುವ ಮಾದರಿಗಳಲ್ಲಿ ಸಾಮಾನ್ಯವಾಗಿ "ವಾಣಿಜ್ಯ ಬಳಕೆಗೆ ವಾರಂಟಿ ಅನ್ವಯಿಸದು" ಎಂಬ ಅರ್ಥದ ಒಂದು ಸಾಲು ಇರುತ್ತದೆ. ನಾವು ನೋಡಿದ ಬ್ಲೆಂಡರಿನ ಕಾರ್ಡಿನಲ್ಲೂ ಇತ್ತು. ಹತ್ತು ವರ್ಷ ನಿಶ್ಚಿಂತೆ ಎಂಬ ಮಾಮುವಿನ ವಾದದ ಬುಡ ಅಲ್ಲೇ ಅಲುಗಿತು. ಏಕೆಂದರೆ ವಾರಕ್ಕೆ 6 ಕೆ.ಜಿ. ಪೇಸ್ಟ್ ಮಾಡಿ ಮಾರುವುದು ಮನೆಬಳಕೆಯಲ್ಲ. ವಿಚಿತ್ರ ನೋಡಿ, ಅಮ್ಮಿಯ ದುಡಿಮೆಯನ್ನು ವ್ಯಾಪಾರ ಎಂದು ಕರೆದ ಮೊದಲ ಕಾಗದ ಆ ವಾರಂಟಿ ಕಾರ್ಡು. ನಮ್ಮ ಮನೆಯಲ್ಲಿ ಅದಕ್ಕೆ ಇನ್ನೂ "ಟೈಂಪಾಸ್" ಎಂದೇ ಹೆಸರು.

ನನಗೆ ನಿಜವಾಗಿ ಹೇಳಬೇಕಾದದ್ದು ಇಲ್ಲಿದೆ. ಎರಡು ವಾರ ನಾನು ಗಡಿಯಾರ ಹಿಡಿದು ಅಮ್ಮಿಯ ಕೆಲಸ ಬರೆದಿಟ್ಟೆ. ವಾರಕ್ಕೆ ಒಂಬತ್ತು ಗಂಟೆ. ಅದರಲ್ಲಿ ಬೆಳ್ಳುಳ್ಳಿ ಸುಲಿದು, ಶುಂಠಿ ತೊಳೆದು ಹೆರೆಯಲು ಐದು ಗಂಟೆ. ಅರೆಯಲು ಮೂರು. ಡಬ್ಬಿಗೆ ತುಂಬಿ, ಒರೆಸಿ, ಚೀಟಿ ಅಂಟಿಸಲು ಒಂದು. ಅರೆಯಲು ಮೂರು ಗಂಟೆ ಹಿಡಿಯುವುದು ಏಕೆಂದರೆ ಆ ಮಿಕ್ಸಿಗೆ ಒಂದು ಸಲಕ್ಕೆ ಅಂಗೈಯಷ್ಟೇ ಹಾಕಬೇಕು, ನಡುನಡುವೆ ಆರಲು ಬಿಡಬೇಕು. ಆರಲು ಬಿಡದಿದ್ದರೆ ತಳದಲ್ಲಿರುವ ಕೆಂಪು ಗುಂಡಿ ಟಪ್ ಎಂದು ಹೊರಗೆ ಬಂದು ನಿಂತುಬಿಡುತ್ತದೆ. (ಆ ಗುಂಡಿ ಹೊರಬಂದರೆ ಮಿಕ್ಸಿ ಕೆಟ್ಟಿತು ಎಂದು ರಿಪೇರಿಗೆ ಒಯ್ಯುವವರಿದ್ದಾರೆ. ಆರಿದ ಮೇಲೆ ಬೆರಳಲ್ಲಿ ಒಳಗೆ ಒತ್ತಿದರೆ ಸಾಕು, ಅದು ಮೋಟಾರನ್ನು ಉಳಿಸಲೆಂದೇ ಇರುವುದು.) ದೊಡ್ಡ ಮಿಕ್ಸಿ ಬಂದರೆ ಅರೆಯುವ ಮೂರು ಗಂಟೆ ಒಂದು ಗಂಟೆಗೆ ಇಳಿಯುತ್ತದೆ. ಬ್ಲೆಂಡರ್ ಬಂದರೂ ಅಷ್ಟೇ ಇಳಿಯುತ್ತದೆ, ಅದಕ್ಕಿಂತ ಕಡಿಮೆಯಾಗದು. ಸುಲಿಯುವ ಐದು ಗಂಟೆಯನ್ನು ಜಗತ್ತಿನ ಯಾವ ಬ್ಲೆಂಡರೂ ಮುಟ್ಟುವುದಿಲ್ಲ. ದೊಡ್ಡ ಹೊರೆ ಎಲ್ಲಿದೆಯೋ ಅಲ್ಲಿ ಬಿಟ್ಟು, ಚಿಕ್ಕ ಹೊರೆ ಇಳಿಸಲು 39,500 ರೂ. ಸುರಿಯುವ ಯೋಜನೆ ಇದು.

ವಾರಕ್ಕೆ 360 ರೂ. ಉಳಿಕೆಯನ್ನು ಒಂಬತ್ತು ಗಂಟೆಗೆ ಭಾಗಿಸಿದರೆ ಗಂಟೆಗೆ 40 ರೂ. ಇದನ್ನು ಕಾಗದದ ಮೇಲೆ ನೋಡಿದಾಗ ಮನೆಯಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಮ್ಮಿ ಮಾತ್ರ, "ಮನೇಲಿ ಕೂತು ಮಾಡೋದಕ್ಕೆ ಲೆಕ್ಕ ಯಾಕೆ ಬೇಟಾ" ಎಂದರು. ಅವರ ಗಂಟೆಗೆ ಬೆಲೆ ಸೊನ್ನೆ ಎಂದು ಹಿಡಿದರೆ ಯಾವ ಯಂತ್ರವೂ ಲಾಭಕರವಲ್ಲ, ಅದು ನಿಜ. 7,500 ರೂಪಾಯಿಯದ್ದೂ ದುಬಾರಿ. ನಮ್ಮ ಎಷ್ಟೋ ಮನೆಗಳಲ್ಲಿ ಅಡುಗೆಮನೆಗೆ ಒಳ್ಳೆಯ ಸಾಮಾನು ಬಾರದಿರುವುದು ದುಡ್ಡಿಲ್ಲದ ಕಾರಣಕ್ಕಲ್ಲ, ಈ ಸೊನ್ನೆಯ ಕಾರಣಕ್ಕೆ. ಗಂಟೆಗೆ 40 ಎಂದೇ ಹಿಡಿಯಿರಿ. ವಾರಕ್ಕೆ ಎರಡು ಗಂಟೆ ಉಳಿದರೆ 50 ವಾರಕ್ಕೆ 100 ಗಂಟೆ, 4,000 ರೂ. ವರ್ಷಕ್ಕೆ 1,500 ಸವಕಳಿಯ ಮಿಕ್ಸಿ 4,000ದ ಸಮಯ ಉಳಿಸಿಕೊಡುತ್ತದೆ. ಬ್ಲೆಂಡರ್ ಅದೇ 4,000 ಉಳಿಸಲು 3,950 ತಿನ್ನುತ್ತದೆ. ಐವತ್ತು ರೂಪಾಯಿ ಮಿಕ್ಕಿತು, ಒಂದು ಪ್ಲೇಟ್ ಬೆಣ್ಣೆದೋಸೆಗೂ ಸಾಲದು.

ಸುಲಿಯುವ ಐದು ಗಂಟೆಗೂ ಒಂದು ದಾರಿ ಹುಡುಕಿದೆ. ಮಾರುಕಟ್ಟೆಯಲ್ಲಿ ಸುಲಿದ ಬೆಳ್ಳುಳ್ಳಿ ಸಿಗುತ್ತದೆ, ಕೆ.ಜಿ.ಗೆ 40 ರೂ. ಹೆಚ್ಚು. ವಾರಕ್ಕೆ 3 ಕೆ.ಜಿ. ಬೇಕು, 120 ರೂ. ಆಗುತ್ತದೆ, ಉಳಿಯುವುದು ಸುಮಾರು ಮೂರೂವರೆ ಗಂಟೆ, 140 ರೂ. ಲೆಕ್ಕದಲ್ಲಿ ಲಾಭವೇ, ಇಪ್ಪತ್ತು ರೂಪಾಯಿಯಷ್ಟು. ಆದರೆ ಅಂಗಡಿಯವರನ್ನು ಕೇಳಿದಾಗ ಗೊತ್ತಾಯಿತು, ಅದನ್ನೂ ಯಾವ ಯಂತ್ರವೂ ಸುಲಿದಿಲ್ಲ, ಹಿಂದಿನ ಓಣಿಯ ಹೆಂಗಸರು ಸುಲಿದು ಕೊಡುತ್ತಾರೆ. ಅವರ ಗಂಟೆಗೆ ಎಷ್ಟು ಬೀಳುತ್ತದೆ ಎಂದು ಭಾಗಿಸಲು ನನಗೆ ಮನಸ್ಸಾಗಲಿಲ್ಲ. ಅಮ್ಮಿ ಅದನ್ನು ಕೇಳಿ, ಬೇಡ, ರಾತ್ರಿ ನೀರಿನಲ್ಲಿ ನೆನೆಸಿಟ್ಟು ಬೆಳಗ್ಗೆ ಸುಲಿಯೋಣ, ಸಿಪ್ಪೆ ಬೇಗ ಬಿಡುತ್ತದೆ ಎಂದರು. ಹಾಗೇ ಮಾಡುತ್ತಿದ್ದೇವೆ. ಭಾನುವಾರ ಭಾಯಿಜಾನ್ ಕೂಡ ಒಂದು ಗಂಟೆ ಸುಲಿಯುತ್ತಾನೆ. ಬೈಕಿನ ವಿಷಯ ನಾನು ಎತ್ತಿದ ಮೇಲೆ ಶುರುವಾದದ್ದು ಇದು.

ಅಮ್ಮಿಯ ಮಾತು, "ನಿನ್ನ ಫೀಸು ಮೊದಲು, ಮಿಕ್ಸಿ ಆಮೇಲೆ." ಇದನ್ನೂ ನಾನು ಒಪ್ಪುವುದಿಲ್ಲ. ಕಮಿಟಿಯ ಹಣದಲ್ಲಿ ಮೊದಲು ಹೋಗಬೇಕಾದದ್ದು 7,500 ರೂ. ಮಿಕ್ಸಿಗೆ, ಉಳಿದ 32,500ರಲ್ಲಿ ನನ್ನ ಫೀಸು. ಏಕೆಂದರೆ ಕಮಿಟಿಗೆ ತಿಂಗಳು ತಿಂಗಳು 2,000 ಕಟ್ಟುತ್ತಾ ಇರುವುದು ಆ ಪೇಸ್ಟಿನ ದುಡ್ಡಿನಿಂದಲೇ, ಕಡಿಮೆ ಬಿದ್ದ 200ನ್ನು ಅಬ್ಬಾ ಕೊಡುತ್ತಾರೆ. ಹಣ ಎತ್ತಿಕೊಂಡ ಮೇಲೂ ಕಂತು ಮುಗಿಯುವುದಿಲ್ಲ. ದುಡಿಯುವ ಯಂತ್ರ ನಿಂತರೆ ಕಂತು ನಿಲ್ಲುತ್ತದೆ, ಆಗ ಬೀದಿಯ ಉಳಿದ ಹತ್ತೊಂಬತ್ತು ಹೆಂಗಸರಿಗೆ ಏನು ಉತ್ತರ ಹೇಳುವುದು? ಹೀಗೆ ನೋಡಿದರೆ ಮಿಕ್ಸಿ ಮನೆಖರ್ಚಲ್ಲ, ಬಂಡವಾಳ ವೆಚ್ಚ. ಅಢಾವೆ ಪತ್ರಿಕೆಯಲ್ಲಿ ಆಸ್ತಿಯ ಕಡೆ ಬರೆಯಬೇಕಾದ ಬಾಬತ್ತು.

ಕೊಳ್ಳುವಾಗ ಏನು ನೋಡಬೇಕೆಂದು ನಮ್ಮ ರಿಪೇರಿಯವರನ್ನು ಕೇಳಿದೆ. ಅವರು ವ್ಯಾಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬುಷ್, ಕಾರ್ಬನ್, ಜಾರಿನ ಬ್ಲೇಡು ಊರಲ್ಲೇ ಸಿಗುತ್ತವೆಯೇ ನೋಡಿ, ಸರ್ವಿಸ್ ಸೆಂಟರ್ ಇಲ್ಲೇ ಇದೆಯೇ ಬೆಂಗಳೂರಿಗೆ ಕಳಿಸಬೇಕೇ ಕೇಳಿ, ಒಂದು ಸಲಕ್ಕೆ ಎಷ್ಟು ನಿಮಿಷ ಓಡಿಸಬಹುದೆಂದು ಪುಸ್ತಕದಲ್ಲಿ ಬರೆದಿದೆಯೇ ಓದಿ ಎಂದರು. ಬುಷ್ ಎಂದರೆ ಮೋಟಾರಿನ ತಿರುಗುವಿಕೆಯನ್ನು ಜಾರಿಗೆ ಮುಟ್ಟಿಸುವ ಚಿಕ್ಕ ಚಕ್ರ, ಸವೆಯಲೆಂದೇ ಇರುವುದು. ಅದು ಸವೆದರೆ ಮೋಟಾರ್ ಉಳಿಯುತ್ತದೆ. ನಾವು ನೋಡಿದ ಬ್ಲೆಂಡರಿಗೆ ಆ ಭಾಗ ಬೇಕಾದರೆ ಎಷ್ಟು ದಿನ ಹಿಡಿಯುತ್ತದೆ ಎಂದು ಅಂಗಡಿಯಲ್ಲಿ ಕೇಳಿದಾಗ ಮೂರು ವಾರ ಎಂದರು. ರಂಜಾನ್ ತಿಂಗಳಲ್ಲಿ ಮೂರು ವಾರ ಮಿಕ್ಸಿ ಇಲ್ಲದಿದ್ದರೆ ವರ್ಷದ ವ್ಯಾಪಾರವೇ ಹೋದಂತೆ.

ಇದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದ್ದೇವೆ. ಮುಂದಿನ ತಿಂಗಳಿಂದ ಪೇಸ್ಟಿನ ಬೆಲೆ ಕೆ.ಜಿ.ಗೆ 10 ರೂ. ಏರಿಸುವುದಾಗಿ ಅಮ್ಮಿಯ ಹೆಸರಿನಲ್ಲಿ ಚೀಟಿ ಬರೆದು ಎರಡೂ ಹೋಟೆಲಿಗೆ ಕೊಟ್ಟು ಬಂದೆ. ವರ್ಷಕ್ಕೆ 3,600 ರೂ. ಆಗುತ್ತದೆ, ಎರಡು ವರ್ಷ ಒಂದು ತಿಂಗಳಿಗೆ ಹೊಸ ಮಿಕ್ಸಿಯ ಪೂರ್ತಿ ಬೆಲೆ. ಒಂದು ಹೋಟೆಲಿನವರು ಒಪ್ಪಿದ್ದಾರೆ. ಇನ್ನೊಂದು ಹೋಟೆಲಿನ ಮಾಲೀಕರು ಚೀಟಿಯನ್ನು ಎರಡು ಸಲ ಓದಿ, "ಯೋಚನೆ ಮಾಡಿ ಹೇಳ್ತೀನಿ" ಎಂದು ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟುಕೊಂಡಿದ್ದಾರೆ.